ಗಾಡಿಯ ಮೂಗಿಗೆ ಗುತ್ತೆವ್ವನ ಹೆಗಲು

ಹಾನಗಲ್ಲಿನ ಸಂತೆ ಬಯಲಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ನಾಟಕ ಕಂಪನಿಯವರು ಹಾಸಿಗೆ ಸುತ್ತುತ್ತಿದ್ದಾರೆ. ಗುತ್ತೆವ್ವ ಆಗಲೇ ಕಚ್ಚೆ ಬಿಗಿದು ಮನೆಗಾಡಿಯೊಳಗೆ ರುಬ್ಬುವ ಕಲ್ಲು ಉರುಳಿಸುತ್ತಿದ್ದಾಳೆ. ಮನೆಗಾಡಿ ಅಂದರೆ ಎರಡು ಗಾಲಿಯ ಮೇಲೆ ಕಟ್ಟಿದ ಮರದ ಮನೆ. ಕಂಪನಿಯ ಹೆಣ್ಣುಮಕ್ಕಳು ಮಲಗುವುದೂ ಅದರಲ್ಲೇ, ಊರಿಂದೂರಿಗೆ ಹೋಗುವುದೂ ಅದರಲ್ಲೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೇ ಲಾರಿ ಅದನ್ನು ಎಳೆಯುತ್ತದೆ.

ಕಲ್ಲು, ಡೇರೆಯ ಗೂಟ, ತಗಡಿನ ಪೆಟ್ಟಿಗೆ ಎಲ್ಲ ಗಾಲಿಗಿಂತ ತುಸು ಮುಂದೆ, ತಳಕ್ಕೆ. ಪರದೆ, ಸೀರೆ, ಕಟ್ಟುಗಡ್ಡ ಹಿಂದೆ. ತುಂಬಿದ ಮೇಲೆ ಗಾಡಿಯ ಮೂಗಿಗೆ, ಅಂದರೆ ಲಾರಿಗೆ ಕೊಂಡಿ ಹಾಕುವ ತೊಲೆಗೆ, ಹೆಗಲು ಕೊಟ್ಟು ನೋಡುತ್ತಾಳೆ. ಯಾಕೆಂದು ಕೇಳಿದವರಿಗೆ ಹೇಳುತ್ತಾಳೆ:

"ಮಣಕಾಲು ನಡಗಬೇಕ್ರಿ, ಆದ್ರ ಮೂಗು ಒಂದ ಬೆರಳಷ್ಟ ಏಳಬೇಕು. ಹತ್ತು ಚೀಲದ ಗಾಡಿಗೆ ಮೂಗಿನ ಮ್ಯಾಲ ಒಂದ ಚೀಲ ಜ್ವಾಳದ ಭಾರ. ಹೂವಿನಂಗ ಎದ್ದತೋ, ಹಾದ್ಯಾಗ ಬಾಲ ಬೀಸತೈತಿ."

ಇವಳ ಅಪ್ಪ ಯಲವಿಗಿ ಸ್ಟೇಷನ್ನಿನಿಂದ ಸವಣೂರಿಗೆ ಬಾಡಿಗೆ ಚಕ್ಕಡಿ ಹೊಡೆಯುತ್ತಿದ್ದವನು. ಹಿಂಭಾರದ ಚಕ್ಕಡಿ ನೊಗ ಎತ್ತಿ ಎತ್ತಿನ ಕೊರಳು ಹಿಸುಕುವುದನ್ನು ನೋಡಿಯೇ ಬೆಳೆದವಳು. "ಲಾರಿಗೆ ಕೊರಳಿಲ್ಲ ನೋಡ್ರಿ, ಅದಕ್ಕ ಒದರಂಗಿಲ್ಲ," ಎಂದು ನಗುತ್ತಾಳೆ. ಗಂಡ ತೀರಿದ ಮೇಲೆ ಶಿಗ್ಗಾವಿಯ ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಹೊತ್ತು ಮಗಳ ಮದುವೆ ಮಾಡಿದಳು. ಆಮೇಲೆ ಈ ಕಂಪನಿಯ ಒಲೆಗೂ ಗಾಡಿಗೂ ಬಂದಳು.

ಗಾಡಿ ನೆಟ್ಟಗೆ ಓಡುತ್ತದೆ, ಹೆಸರು ಮಾತ್ರ ಡ್ರೈವರ್ ಮೆಹಬೂಬನಿಗೆ. ಯಾವ ಊರಿಗೆ ಹೋದರೂ ಚಹಾದಂಗಡಿಯವರು "ಬರ್ರಿ ಡ್ರೈವರ್ ಸಾಹೇಬ್ರ" ಎಂದು ಬೆಂಚು ಒರೆಸುತ್ತಾರೆ. ಗುತ್ತೆವ್ವ ಹಿಂದೆ ನಿಂತಿರುತ್ತಾಳೆ. ಹೊಟ್ಟೆಯೊಳಗೆ ಕಿಚ್ಚು ಏಳುತ್ತದೆ. ಅವಳು ಅದನ್ನು ಮುಚ್ಚಿಡುವವಳೂ ಅಲ್ಲ.

ಹೋದ ತಿಂಗಳು ಮಗಳ ಬಾಣಂತನಕ್ಕೆಂದು ಯಲವಿಗಿಗೆ ಹೋದಳು. ಆಗ ಬೇರೆಯವರು ಭಾರವನ್ನೆಲ್ಲ ಹಿಂದೆ ತುಂಬಿದರು. ಸವಣೂರಿನಿಂದ ಶಿಗ್ಗಾವಿಗೆ ಬರುವಾಗ ಇಳಿಜಾರಿನಲ್ಲಿ ಗಾಡಿಯ ಹಿಂಬದಿ ಅತ್ತಿತ್ತ ಹೊಯ್ದಾಡಿ ಬಾಲ ಬೀಸಿತು, ಒಳಗಿನ ಹೆಣ್ಣುಮಕ್ಕಳು ಚೀರಿದರು. ಮೆಹಬೂಬ ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ತಿರುವಲಿಲ್ಲ. ವೇಗ ಇಳಿಸುತ್ತ ನೆಟ್ಟಗೆ ಹಿಡಿದು ನಿಲ್ಲಿಸಿದ. ಮಾಲಕ ಪರಮೇಶ್ವರಪ್ಪ ಅವತ್ತಿನ ಆಟದಲ್ಲಿ ಅವನನ್ನು ರಂಗದ ಮೇಲೆ ಕರೆದು ತಲೆಗೆ ಜರಿಯಂಚಿನ ರುಮಾಲು ಸುತ್ತಿದ.

"ನಾ ಇಲ್ಲಂದ್ರ ನನ್ನ ಕಿಮ್ಮತ್ತು ತಿಳೀತೈತಿ ಅಂದಕೊಂಡಿದ್ದೆ. ತಿಳದದ್ದು ಅವನ ಕಿಮ್ಮತ್ತು! ನಾ ರಜಾ ಹಾಕಿದ್ದಕ್ಕ ಅವಗ ರುಮಾಲ!"

ಈಗ ಆ ರುಮಾಲು ಮೆಹಬೂಬನ ತಲೆಯ ಮೇಲೆ, ಲಾರಿಯ ಕಿಟಕಿಯಲ್ಲಿ ಮಿಂಚುತ್ತಿದೆ. ಅಷ್ಟರಲ್ಲಿ ಪರಮೇಶ್ವರಪ್ಪ ಇಬ್ಬರು ಹಮಾಲರನ್ನು ಕರೆದುಕೊಂಡು ಬರುತ್ತಾನೆ.

"ಗುತ್ತೆವ್ವಾ, ಇಳಿ ಕೆಳಗ. ಇನ್ನ ಮ್ಯಾಲ ನೀ ಒಲಿ ಅಷ್ಟ ನೋಡು. ಹೊರಾಕ ಊರೂರಿಗೆ ಮಂದಿ ಸಿಗತಾರ. ಗಾಡಿಗೆ ಮೆಹಬೂಬನ ಕೈ ಐತಿ."

ಅವಳು ಇಳಿಯುತ್ತಾಳೆ. ಹಮಾಲರು ಉಳಿದ ಪೆಟ್ಟಿಗೆ, ಗೂಟಗಳನ್ನು ಹಿಂಬಾಗಿಲ ಬುಡಕ್ಕೇ ದಬ್ಬುತ್ತಾರೆ. ಗುತ್ತೆವ್ವ ಆರಿದ ಒಲೆಯ ಹತ್ತಿರ ಕೂತು ನೋಡುತ್ತಾಳೆ. ಬೀಸಲಿ ಬಾಲ, ನೋಡೋಣ ಆ ಡ್ರೈವರನ ಕೈ! ಆಗಲೇ ಕಂಪನಿಯ ನಟಿ ಅಖ್ತರುನ್ನೀಸಾ ಗಾಡಿ ಹತ್ತುತ್ತ ಕೇಳುತ್ತಾಳೆ: "ಅವ್ವಾ, ಸಾಮಾನು ನೀವ ಇಟ್ಟೀರಿ ಹೌದಿಲ್ರಿ?"

ಗುತ್ತೆವ್ವ ಒಲೆ ಬಿಟ್ಟು ಏಳುತ್ತಾಳೆ. "ಇಳಿಯವ್ವಾ," ಅನ್ನುತ್ತಾಳೆ. "ನಾ ಇಟ್ಟಿಲ್ಲ. ಇಳಿ."

"ಏನ ನಿನ್ನ ಕಿರಿಕಿರಿ!" ಎಂದು ಮಾಲಕ ಗದರುತ್ತಾನೆ. ಲಾರಿಯಿಂದ ಮೆಹಬೂಬ ಧುಮುಕುತ್ತಾನೆ.

"ಮಾಲಕ್ರ, ಅವತ್ತು ಉಳಿಸಿದ್ದು ನನ್ನ ಕೈ ಅಲ್ರಿ, ನಸೀಬ. ನಸೀಬ ದಿನಾ ಡ್ಯೂಟಿಗೆ ಬರಂಗಿಲ್ಲ. ಗುತ್ತೆವ್ವ ಮೂಗು ಎತ್ತಿ ಹೂಂ ಅನ್ನೂತನಕಾ ನಾ ಗಾಡಿ ಬಿಡಂಗಿಲ್ಲ."

ರುಮಾಲು ಬಿಚ್ಚಿ ಮಡಚಿ ಅವಳ ಕೈಗೆ ಹಾಕುತ್ತಾನೆ. "ಹೆಗಲಿಗೆ ಇಟಗೋ ಯವ್ವಾ, ತೊಲಿ ಒತ್ತತೈತಿ."

ಪರಮೇಶ್ವರಪ್ಪ ಹಮಾಲರಿಗೆ ಕೈ ಮಾಡುತ್ತಾನೆ. ಪೆಟ್ಟಿಗೆಗಳು ಮತ್ತೆ ಮುಂದೆ ಬರುತ್ತವೆ. ಜರಿಯಂಚಿನ ಸಿಂಬೆಯ ಮೇಲೆ ತೊಲೆ ಕೂರುತ್ತದೆ, ಮೊಣಕಾಲು ನಡುಗುತ್ತದೆ, ಮೂಗು ಏಳುತ್ತದೆ.

"ಹೂಂ."

ಹಿರೇಕೆರೂರಿನ ತನಕ ಗಾಡಿ ಬಾಲ ಅಲುಗಿಸುವುದಿಲ್ಲ. ಅಲ್ಲಿಯೂ ಚಹಾದಂಗಡಿಯವನು ಡ್ರೈವರ್ ಸಾಹೇಬರನ್ನೇ ಕರೆಯುತ್ತಾನೆ. ಗುತ್ತೆವ್ವ ಕೆರೆಯ ದಂಡೆಯಲ್ಲಿ ರುಮಾಲು ಒಗೆಯುತ್ತಿದ್ದಾಳೆ. ಕೊಂಡಿಯ ಕೀಲೆಣ್ಣೆ ಜರಿಯ ಪಕ್ಕದಲ್ಲೇ ಕರ್ರಗೆ ಕೂತಿದೆ. ಸೋಡಾ ಹಾಕಿದರೆ ಹೋದೀತು ಎಂದು ದಂಡೆಯಲ್ಲಿದ್ದವರು ಯಾರೋ ಅಂದರೆ ತಲೆ ಎತ್ತದೆ ಹೇಳುತ್ತಾಳೆ:

"ಹೋಗತೈತ್ರಿ. ನಾ ಹಾಕಂಗಿಲ್ಲ. ಮೆಹಬೂಬ ಹಿಂಗ ಸುತಗೊಳ್ಳಲಿ. ಈ ಎಣ್ಣೀ ಕಲಿ ಹಣೀ ಮ್ಯಾಗ ಮಂದಿಗೆ ಕಾಣಬೇಕು, ಅಷ್ಟ."