ಶಿವಕುಮಾರಿಯವರ ಗೋಡೆ ಮತ್ತು ಈಜು

ಶಿವಕುಮಾರಿಯವರಿಗೆ ಈಜು ಬರುತ್ತಿರಲಿಲ್ಲ. ಬಂದ ವಿದ್ಯೆಗಳ ಬಗ್ಗೆ ಈ ಅಭಿನಂದನಾ ಸಂಪುಟದ ಉಳಿದ ಲೇಖನಗಳು ಹೇಳುತ್ತವೆ. ಲಿಂಗಸುಗೂರು, ಸಿಂಧನೂರು, ಮಸ್ಕಿ, ಈ ಮೂರೂ ಊರುಗಳ ಬಾಲಕಿಯರ ಹಾಸ್ಟೆಲುಗಳಲ್ಲಿ ಮೇಲ್ವಿಚಾರಕಿಯಾಗಿ ದುಡಿದು, ಹುಳು ಬಿದ್ದ ಅಕ್ಕಿಯ ಚೀಲವನ್ನು ತಂದವನ ಎದುರಿಗೇ ಸುರಿದು ವಾಪಸು ಕಳಿಸಿದ ಅವರು, ಈ ಭಾಗದಲ್ಲಿ ಹಾಸ್ಟೆಲು ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರವಾಗಿದ್ದಾರೆ. ಆದರೆ ಆಳದ ನೀರು ಕಂಡರೆ ಅವರು ಹಿಂದೆ ಸರಿಯುತ್ತಿದ್ದರು.

ಸೇವೆ ಶುರುವಾದದ್ದು ಲಿಂಗಸುಗೂರಿನಲ್ಲಿ. ಅಲ್ಲಿ ಊಟದ ಕೋಣೆಯ ಗೋಡೆಯ ಮೇಲೆ, ಜೀವನದಲ್ಲಿ ಏನೇನು ಮಾಡಬೇಕೆಂದಿದ್ದೀರೋ ಅದನ್ನು ಇದ್ದಿಲಿನಲ್ಲಿ ಬರೆಯಿರಿ ಎಂದು ಅವರು ಹುಡುಗಿಯರಿಗೆ ಹೇಳಿದರು. ಹುಡುಗಿಯರು ಡಾಕ್ಟರು, ಪೊಲೀಸು ಎಂದೆಲ್ಲ ಬರೆದರು. ಒಬ್ಬಳು ತಿರುಗಿ ಕೇಳಿದಳು: "ನಿಮ್ದು ಎಲ್ಲೈತ್ರಿ ಅಕ್ಕಾರ? ನಮ್ಮುನ್ನ ಅಷ್ಟ ಬರಸ್ತೀರಿ."

ಇದ್ದಿಲು ಇಸಿದುಕೊಂಡು ಅವರೂ ಬರೆದರು: ಬಿ.ಎ. ಪಾಸಾಗುವುದು, ಸ್ವಂತ ಗಾಡಿ ಓಡಿಸುವುದು, ಸಮುದ್ರ ನೋಡುವುದು. ಅಂದಿನಿಂದ ಅದೇ ಪದ್ಧತಿಯಾಯಿತು. ಪ್ರತಿ ಬೇಸಿಗೆಯಲ್ಲಿ ಗೋಡೆಗೆ ಸುಣ್ಣ ಬೀಳುತ್ತಿತ್ತು, ಎಲ್ಲವೂ ಅಳಿಯುತ್ತಿತ್ತು, ಆಗದೆ ಉಳಿದದ್ದನ್ನು ಮಾತ್ರ ಮತ್ತೆ ಬರೆಯಬೇಕಿತ್ತು. ವರ್ಗವಾಗಿ ಹೋದ ಊರಿನಲ್ಲೂ ಮೊದಲ ವಾರವೇ ಅವರ ಪಟ್ಟಿ ಹೊಸ ಗೋಡೆ ಏರುತ್ತಿತ್ತು. ಬಿ.ಎ. ಪದವಿ ಅಂಚೆ ಶಿಕ್ಷಣದಲ್ಲಿ ಬಂತು. ಸ್ಕೂಟಿಯಿಂದ ಬಿದ್ದು ಎದ್ದು ಅದನ್ನೂ ಕಲಿತರು. ಕಾರವಾರದ ಪ್ರವಾಸದಲ್ಲಿ ಸಮುದ್ರವನ್ನು ಕಂಡರು, ಇಳಿದದ್ದು ಮೊಣಕಾಲಿನವರೆಗೆ ಮಾತ್ರ. ಸಿಂಧನೂರಿನಲ್ಲಿ, ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಒಬ್ಬ ತಾಯಿ ಮಗಳನ್ನು ನೋಡಲು ಬಂದು, ಕನ್ನಡ ಬಾರದೆ ಗೇಟಿನ ಬಳಿ ಸುಮ್ಮನೆ ಕೂತು ಹೋಗುತ್ತಿದ್ದರು. ಅವರೊಂದಿಗೆ ಮಾತಾಡಲೆಂದು ಪಟ್ಟಿಗೆ ಬಂಗಾಳಿಯೂ ಸೇರಿತು. ಶಿವಕುಮಾರಿಯವರ ಮೊದಲ ಬಂಗಾಳಿ ವಾಕ್ಯಕ್ಕೆ ಆ ತಾಯಿ ಸೆರಗು ಬಾಯಿಗಿಟ್ಟು ನಕ್ಕರು. ಮುಂದಿನ ಭಾನುವಾರ ಗೇಟು ದಾಟಿ ಒಳಗೆ ಬಂದರು.

ಈಜು ಪಟ್ಟಿಗೆ ಸೇರಿದ್ದು ಅದೇ ಊರಿನಲ್ಲಿ. ಹಾಸ್ಟೆಲಿನ ಮೋಟಾರು ಸುಟ್ಟಿತ್ತು. ಬಟ್ಟೆ ಒಗೆಯಲು ಅವರು ಹುಡುಗಿಯರನ್ನು ಕಾಲುವೆಗೆ ಕರೆದೊಯ್ದರು. ಬಳಗಾನೂರಿನ ಕೂಲಿಕಾರರ ಮಗಳು ಮಹೇಶ್ವರಿ ಜಾರಿ ನೀರಿಗೆ ಬಿದ್ದಳು. ಶಿವಕುಮಾರಿಯವರು ಸೆರಗು ಬಿಚ್ಚಿ ಚಾಚುತ್ತ ದಂಡೆಯುದ್ದಕ್ಕೂ ಓಡಿದರು. ಸೆರಗು ಮುಟ್ಟಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ತಮ್ಮ ಟಂಟಂ ಆಟೋ ನಿಲ್ಲಿಸಿ ನೀರಿಗೆ ಹಾರಿ ಹುಡುಗಿಯನ್ನು ಎಳೆದು ತಂದವರು ಮಸ್ತಾನಸಾಬ. ಲುಂಗಿ ಹಿಂಡುತ್ತ ಅವರು ಹೇಳಿದ್ದು ಇಷ್ಟೇ:

"ಅಕ್ಕಾರ, ಮಕ್ಕಳ್ನ ಕಾಲುವಿಗೆ ಕರಕೊಂಡು ಬರೋರಿಗೆ ಈಜು ಬರಬೇಕ್ರಿ. ಇಲ್ಲಂದ್ರ ನಳದಾಗ ತೊಳಸ್ರಿ."

ಅಂದು ಸಂಜೆ 'ಈಜು' ಎಂದು ಗೋಡೆಯ ಮೇಲೆ ಬರೆದರು. ಉಳಿದವೆಲ್ಲ ಒಂದೊಂದಾಗಿ ಅಳಿದವು. ಇದು ಮಾತ್ರ ಎಷ್ಟು ಸುಣ್ಣ ಬಿದ್ದರೂ ಮತ್ತೆ ಮತ್ತೆ ಬರೆಸಿಕೊಂಡಿತು. ಮಸ್ಕಿಯ ಹುಡುಗಿಯರು ಅನ್ನ ಕಲಸುತ್ತ ಚುಚ್ಚುತ್ತಿದ್ದರು: "ಅಕ್ಕಾರ, ನಿಮ್ಮ ಈಜು ಇನ್ನಾ ಗೋಡಿ ಮ್ಯಾಲೇ ಈಜಾಕತ್ತೈತ್ರಿ." ಹುಡುಗಿಯರಿಗೆ ಅದು ತಮಾಷೆ. ಅವರಿಗೆ ಮಾತ್ರ ಆ ಅಕ್ಷರ ಕಂಡಾಗಲೆಲ್ಲ ಮುಟ್ಟದೆ ಹೋದ ಸೆರಗು ಕಾಣುತ್ತಿತ್ತು.

ನಿವೃತ್ತಿ ಹತ್ತಿರ ಬಂದಾಗ ಮಹೇಶ್ವರಿಯೇ ಬಂದಳು. ಆಗ ಅವಳು ಲಿಂಗಸುಗೂರಿನಲ್ಲಿ ಪೊಲೀಸ್ ಪೇದೆ, ಒಳ್ಳೆಯ ಈಜುಗಾರ್ತಿ. "ರಜಾ ಹಾಕೀನ್ರಿ. ನಾ ಕಲಿಸ್ತೀನಿ, ನಡೀರಿ," ಎಂದಳು. ಮಸ್ತಾನಸಾಬರು ಟಂಟಂ ಬಿಟ್ಟು ಮಸ್ಕಿಯ ಹೊರಗೆ ಹೊಲ ಮಾಡುತ್ತಿದ್ದರು. ಅವರ ಬಾವಿಗೆ ಮೆಟ್ಟಿಲಿದ್ದವು. ಸುದ್ದಿ ತವರೂರು ಸಂತೆಕಲ್ಲೂರಿಗೆ ಮುಟ್ಟಿತು. ಅಣ್ಣ ಚನ್ನವೀರ ಬೆಳಗಿನ ಬಸ್ಸಿಗೇ ಬಂದರು.

"ಈ ವಯಸ್ಸಿನ್ಯಾಗ ಚೂಡಿದಾರ ಹಾಕ್ಕೊಂಡು ಮಂದಿ ಬಾವ್ಯಾಗ ಜಿಗೀತೀಯೇನಬೇ? ನಾಕ್ ಮಂದ್ಯಾಗ ನಾ ಹೆಂಗ ತಲಿ ಎತ್ತಲಿ?"

"ನಿನ್ನ ತಲಿ ಬಿಡಣ್ಣ. ನೀರಾಗ ನನ್ನ ತಲಿ ಎತ್ತಿದ್ರ ಸಾಕಾಗೇತಿ."

"ಇಳಿ ಹಂಗಾರ. ಪಂಚಮಿಗೆ ಕರಿಯಾಕ ನಾ ಬರಂಗಿಲ್ಲ."

ಗಂಡನ ಮನೆ ಕಾಣದ ಶಿವಕುಮಾರಿಯವರಿಗೆ ಹಬ್ಬವೆಂದರೆ ನಾಗರ ಪಂಚಮಿಯೊಂದೇ: ಅಣ್ಣ ಬಂದು ಕರೆಯುವುದು, ತವರಿನಲ್ಲಿ ಉಂಡಿ ತಿನ್ನುವುದು, ಜೋಕಾಲಿ ಆಡುವುದು. ಅವರು ಚಹಾ ಮಾಡಿಕೊಟ್ಟು ಅಣ್ಣನನ್ನು ಬಸ್ಸು ಹತ್ತಿಸಿದರು. ಮರುದಿನ ಬಾವಿಗಿಳಿದರು.

ನಮ್ಮ ಕಡೆ ಈಜು ಕಲಿಯುವವರ ಬೆನ್ನಿಗೆ ಖಾಲಿ ಡಬ್ಬಿ ಕಟ್ಟುತ್ತಾರೆ, ಅದು ತೇಲಿಸುತ್ತದೆ. ಕೆಲವು ದಿನ ಮಸ್ತಾನಸಾಬರ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ಮೆಟ್ಟಿಲ ಬಳಿಯೇ ಕೈಕಾಲು ಬಡಿದದ್ದಾಯಿತು. ಎದುರು ಗೋಡೆ ಮುಟ್ಟಬೇಕಾದ ದಿನ ಆ ಡಬ್ಬಿ ಹೊಲದಲ್ಲಿ ಔಷಧಿ ಹೊಡೆಯಲು ಹೋಗಿತ್ತು. ಅಡುಗೆಯ ಕರೆಮ್ಮ ಹಾಸ್ಟೆಲಿನ ದೊಡ್ಡ ಎಣ್ಣೆ ಡಬ್ಬಿ ತಂದಳು. ಅದನ್ನು ಕಟ್ಟಿಕೊಂಡು ಶಿವಕುಮಾರಿಯವರು ಹೊರಟರು.

ನಡುಬಾವಿಗೆ ಬಂದಾಗ ಗುಳುಗುಳು ಸದ್ದಾಯಿತು. ಮೇಲೆ ನಿಂತ ಮಸ್ತಾನಸಾಬರು ಕೂಗಲು ಬಾಯಿ ತೆರೆದರು. ಪಕ್ಕದಲ್ಲೇ ಈಜುತ್ತಿದ್ದ ಮಹೇಶ್ವರಿ ಕೈಯೆತ್ತಿ ಅವರ ಬಾಯಿ ಮುಚ್ಚಿಸಿದಳು. ಇದು ಶಿವಕುಮಾರಿಯವರಿಗೆ ಆಮೇಲೆ ತಿಳಿಯಿತು; ಆಗ ಅವರಿಗೆ ಎದುರಿನ ಕಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಲ್ಲು ಹಿಡಿದು ತೇಕುತ್ತ ಕೇಳಿದರು:

"ಡಬ್ಬಿ ಯಾಕ ಹಿಂಗ ಜಗ್ಗಾಕತ್ತೈತಿ?"

"ಅದರಾಗ ನೀರು ತುಂಬೇತ್ರಿ. ಅರ್ಧ ಬಾವಿ ನೀವ ಈಜಿ ಬಂದೀರಿ," ಎಂದಳು ಮಹೇಶ್ವರಿ.

ಮೇಲಿಂದ ಕರೆಮ್ಮ ಅಳುದನಿಯಲ್ಲಿ ಒದರಿದಳು: "ನಾನ ಮೊಳಿ ಹೊಡದಿದ್ನ್ರಿ ಅಕ್ಕಾರ! ನೀವ ಹೇಳಿದ್ರಲ್ರಿ!"

ನಿಜ. ಖಾಲಿ ಡಬ್ಬಿಗಳಲ್ಲಿ ಎಣ್ಣೆ ತುಂಬಿಕೊಂಡು ಹೊರಗೆ ಸಾಗಿಸುವವರಿರುತ್ತಾರೆಂದು, ಡಬ್ಬಿ ಖಾಲಿಯಾದ ಕೂಡಲೇ ಮೇಲೆ ಕೆಳಗೆ ಮೊಳೆ ಹೊಡೆದು ತೂತು ಮಾಡಬೇಕೆಂಬುದು ಅವರದೇ ಹುಕುಂ. ಸೇವೆಗೆ ಸೇರಿದಾಗಿನಿಂದ ಒಂದು ಡಬ್ಬಿಯೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ.

ಮಹೇಶ್ವರಿ ಹಗ್ಗ ಇಳಿಸಲು ಹೇಳಿದಳು. ಶಿವಕುಮಾರಿಯವರು ಬೇಡವೆಂದರು. ಒಂದು ಕೈಯಲ್ಲಿ ಕಲ್ಲು ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನಿನ ಡಬ್ಬಿಯ ಗಂಟು ಬಿಚ್ಚಿ ತಲೆಯ ಮೇಲಿಂದ ಹಗ್ಗ ಕಿತ್ತೊಗೆದರು. ಕನ್ನಡಕವೂ ಬಲಗಿವಿಯ ಓಲೆಯೂ ಅದರ ಜೊತೆಗೇ ಹೋದವು. ಡಬ್ಬಿ ತಳಕ್ಕಿಳಿಯಿತು. ಅವರು ಕಲ್ಲು ಬಿಟ್ಟರು. ಬಂದ ದಾರಿಯನ್ನೇ, ಈ ಸಲ ಬೆನ್ನಿಗೆ ಡಬ್ಬಿಯಿಲ್ಲವೆಂದು ಗೊತ್ತಿದ್ದೂ ಗೊತ್ತಿದ್ದೂ, ನೀರು ಕುಡಿಯುತ್ತ, ಕೆಮ್ಮುತ್ತ, ಈಜಿ ಮೆಟ್ಟಿಲು ಮುಟ್ಟಿದರು.

"ಈಗ ಕಾಲುವಿಗೆ ಕರಕೊಂಡು ಹೋಗ್ರಿ ಅಕ್ಕಾರ, ಯಾರು ಕೇಳ್ತಾರ!" ಎಂದರು ಮಸ್ತಾನಸಾಬರು.

ಶಿವಕುಮಾರಿಯವರು ಕಾಲುವೆಗೆ ಹೋಗಲಿಲ್ಲ. ಹುಡುಗಿಯರನ್ನೇ ಬಾವಿಗೆ ತಂದರು. ಮನೆಯವರು ಒಪ್ಪಿದ ಹುಡುಗಿಯರೆಲ್ಲ ಎರಡು ಬೇಸಿಗೆಗಳಲ್ಲಿ ಈಜು ಕಲಿತರು. ಒಪ್ಪದವರ ಮನೆಗೆ ಸ್ಕೂಟಿಯಲ್ಲಿ ಹೋಗಿ ಜಗಳವಾಡಿ ಒಪ್ಪಿಸಿದರು. ಸೇವೆಯ ಕೊನೆಯ ಬೇಸಿಗೆಯಲ್ಲಿ ಗೋಡೆಗೆ ಸುಣ್ಣ ಬಿದ್ದ ಮೇಲೆ ಅವರ ಪಾಲಿಗೆ ಮತ್ತೆ ಬರೆಯಲು ಏನೂ ಉಳಿದಿರಲಿಲ್ಲ.

ಈಗ ಅವರು ಹಾರ್ಮೋನಿಯಂ ಕಲಿಯಬೇಕೆಂದಿದ್ದಾರೆ, ಲಾರಿ ಓಡಿಸುವ ಆಸೆಯೂ ಇದೆಯಂತೆ. ಅವೆಲ್ಲ ಮುಗಿಯುವಷ್ಟು, ಮುಗಿದ ಮೇಲೆ ಇನ್ನೂ ಹೊಸದು ಬರೆಯುವಷ್ಟು ಆಯುಸ್ಸು, ಗಟ್ಟಿಯಾದ ಮೊಣಕಾಲು ಅವರಿಗಿರಲಿ ಎಂದು ಮೂರೂ ಹಾಸ್ಟೆಲುಗಳಲ್ಲಿ ಉಂಡವರ ಹಾರೈಕೆ. ಗೆದ್ದದ್ದನ್ನಷ್ಟೇ ಹೇಳಿ ಮುಗಿಸಿದರೆ ಅವರೇ ಒಪ್ಪುವುದಿಲ್ಲ. ಈ ಈಜಿಗೆ ಅವರು ಕಳೆದುಕೊಂಡದ್ದು: ಕನ್ನಡಕ ಒಂದು, ಓಲೆ ಒಂದು, ತವರಿನ ಪಂಚಮಿ ಎರಡು.