ಕೈ ಎತ್ತಿದರೆ ನಿಲ್ಲುವ ಮಷಿನ್

ಕಡಕ್ ರೊಟ್ಟಿಯ ತುಣುಕೊಂದನ್ನು ಕಡಿದೆ. ಬಲಗಡೆಯ ಕೆಳದವಡೆಯಿಂದ ಕಿವಿಯವರೆಗೆ ಚಳಕು ಹೊಡೆಯಿತು. ತಟ್ಟೆ ಬಿಟ್ಟು ಎದ್ದೆ.

"ಹಲ್ಲು ನೋಯ್ತೇನ್ರಿ?" ಎಂದು ಹೆಂಡತಿ ಕಸ್ತೂರಿ ಕೇಳಿದಳು.

"ಇಲ್ಲ, ಹರಳು ಸಿಕ್ತು," ಎಂದೆ.

ಹಸಿ ಸುಳ್ಳು. ಎರಡು ಸಲ ಹಸನು ಮಾಡದೆ ಜೋಳವನ್ನು ಗಿರಣಿಗೆ ಕಳಿಸುವವಳಲ್ಲ ಅವಳು. ತನ್ನ ರೊಟ್ಟಿಯಲ್ಲಿ ಹರಳು ಎಂದದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕಿಂತ ಅದೇ ವಾಸಿ ಅನಿಸಿತು.

ನಾನು ವಾಡಿ ಹತ್ತಿರದ ಶೆಡ್ ಒಂದರಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವವನು. ಹತ್ತೊಂಬತ್ತು ವರ್ಷದಿಂದ ನನ್ನ ಮುಂದೆ ಎದೆಯೆತ್ತರದ ಬ್ಲೇಡ್, ಕಾಯದಿರಲೆಂದು ನೀರು ಸುರಿಸಿಕೊಂಡು, ತಿರುಗುತ್ತಿದೆ. ಅದಕ್ಕೆ ಒಂದು ದಿನವೂ ಅಂಜಿದವನಲ್ಲ. ಆದರೆ ಡೆಂಟಿಸ್ಟರ ಕೈಯಲ್ಲಿರುವ, ತುದಿ ಕಡಲೆಕಾಳಿನಷ್ಟೂ ಇಲ್ಲದ ಆ ಡ್ರಿಲ್ಲಿನ ಸದ್ದು ಕೇಳಿದರೆ ಅಂಗೈ ಬೆವರುತ್ತದೆ. ಇದನ್ನು ಯಾರ ಮುಂದೆ ಹೇಳುವುದು? ಶೆಡ್ಡಿನಲ್ಲಿ ಗೊತ್ತಾದರೆ ಜೀವನಪೂರ್ತಿ ನಗುತ್ತಾರೆ.

ಒಂದು ವರ್ಷ ಲವಂಗ ಕಚ್ಚಿಕೊಂಡೇ ಕಳೆದೆ. ಎಡಗಡೆಯಿಂದ ಅಗಿದೆ. ಕಡಕ್ ರೊಟ್ಟಿಯನ್ನು ಬ್ಯಾಳಿ ಸಾರಿನಲ್ಲಿ ನೆನೆಸಿ ಮುದ್ದೆ ಮಾಡಿ ನುಂಗಿದೆ. ಕೊನೆಗೆ ದವಡೆ ಊದಿಕೊಂಡಾಗ ಕಸ್ತೂರಿಯೇ ನನ್ನನ್ನು ಚಿತ್ತಾಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡೆಂಟಲ್ ಚೇರ್ ಮೇಲೆ ಕುಳಿತೆ. ನರ್ಸ್ ಕೊರಳಿಗೆ ಹಸಿರು ಕಾಗದದ ಬಿಬ್ ಕಟ್ಟಿದರು. ಪಕ್ಕದ ಕೋಣೆಯಲ್ಲಿ ಡ್ರಿಲ್ ಕುಂಯ್ ಎಂದಿತು.

ನಾನು ಓಡಿದೆ.

ಬಸ್‌ಸ್ಟ್ಯಾಂಡ್ ಮುಟ್ಟಿ ಚಹಾ ಕೇಳಿದೆ. ಹೋಟೆಲಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟಕ್ಕ ಕುಂತವರು ನಡುವ ಎದ್ದು ಬಂದೀರೇನ್ರಿ?" ಎಂದರು. ಆಗಲೇ ಗೊತ್ತಾದದ್ದು, ಬಿಬ್ ಇನ್ನೂ ಕೊರಳಲ್ಲೇ ಇತ್ತು.

ಮನೆಯಲ್ಲಿ ಕಸ್ತೂರಿ ಇದನ್ನು ಅಭಿನಯಿಸಿ ತೋರಿಸಿದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗದೇ ಇದ್ದವಳು ಮಗಳು ಸುಮಾ ಒಬ್ಬಳೇ. ಅವಳಿಗೆ ಎಂಟು ವರ್ಷ. ನಗುವಿನ ಭರದಲ್ಲಿ ನಾನದನ್ನು ಗಮನಿಸಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವಳ ಶಾಲೆಗೆ ಹಲ್ಲು ತಪಾಸಣೆಗೆ ಬಂದರು. ಸುಮಾ ಬಾಯಿ ತೆರೆಯಲೇ ಇಲ್ಲ. ಟೀಚರ್ ನನ್ನನ್ನು ಕರೆಸಿ, ನಗುವಾಗ ಅವಳ ದವಡೆ ಹಲ್ಲೊಂದು ಕಪ್ಪಾಗಿದ್ದು ಕಾಣುತ್ತದೆ, ಬೇಗ ತೋರಿಸಿ ಎಂದರು. ಮನೆಗೆ ಬಂದು, ಯಾಕೆ ಬಾಯಿ ತೆರೆಯಲಿಲ್ಲ ಎಂದು ಕೇಳಿದೆ.

"ಅಪ್ಪಾ, ನೀ ಬ್ಲೇಡಿಗೇ ಅಂಜಂಗಿಲ್ಲ. ನೀನ ಓಡಿ ಬಂದಿ ಅಂದ್ರ, ಅಲ್ಲಿ ಏನ್ ಮಾಡ್ತಾರ?"



ನನ್ನ ಹಲ್ಲು ಹೋದರೆ ಹೋಗಲಿ. ನನ್ನ ಅಂಜಿಕೆ ಅವಳ ಬಾಯಿ ಮುಚ್ಚಿಸಿತ್ತಲ್ಲ, ಅದು ಸಹಿಸಲಾಗಲಿಲ್ಲ. ಮರುದಿನವೇ ಚಿತ್ತಾಪುರಕ್ಕೆ ಹೋಗಿ ಡೆಂಟಿಸ್ಟ್ ಮೇಡಂ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಹಲ್ಲನ್ನೂ ನೋಡಲಿಲ್ಲ. ಇಳಿದು ಮತ್ತೆ ಏರಿದ್ದ ಊತಕ್ಕೆ ಗುಳಿಗೆ ಬರೆದರು, ಜೊತೆಗೆ ಇನ್ನೊಂದು ಚೀಟಿ ಕೊಟ್ಟು ಕೌನ್ಸೆಲಿಂಗ್ ಕೋಣೆಗೆ ಕಳಿಸಿದರು. ಅಲ್ಲಿದ್ದವರು ಶಾಹೀನ್ ಮೇಡಂ.

"ಅಂಜಿಕಿಗೆ ಇಂಜೆಕ್ಷನ್ ಇಲ್ಲೇನ್ರಿ?" ಎಂದೆ.

"ಇಲ್ರಿ. ಕುಂದ್ರಿ, ಮಾತಾಡೂಣು. ಅಷ್ಟ."

ಮಾತಿನಿಂದ ಹಲ್ಲು ನೆಟ್ಟಗಾಗುವುದಾದರೆ ನನ್ನ ಅತ್ತೆಯ ಬಾಯಲ್ಲಿ ಇವತ್ತಿಗೂ ಮೂವತ್ತೆರಡು ಇರಬೇಕಿತ್ತು ಎಂದುಕೊಂಡೆ. ಆದರೂ ಕುಳಿತೆ. ಮೊದಲ ವಾರ ನನ್ನ ಕೆಲಸ, ಮನೆ, ಊಟ ಇಷ್ಟೇ ಕೇಳಿದರು. ಎರಡನೆಯ ವಾರ ಮೊಬೈಲಿನಲ್ಲಿ ಡ್ರಿಲ್ಲಿನ ಸದ್ದನ್ನು ಸಣ್ಣಗೆ ಹಚ್ಚಿದರು.

"ಅಂಜಿಕಿ ಹತ್ತಕ್ಕ ಎಷ್ಟದ ಈಗ?"

"ಹದಿನಾಲ್ಕ್ರಿ."

ಅವರು ನಕ್ಕರು. ನಿಧಾನ ಉಸಿರು ಬಿಡುತ್ತಾ, ಅಂಜಿಕೆ ಇಳಿಯುವವರೆಗೂ ಕೇಳುತ್ತಿರಬೇಕು, ಮನೆಯಲ್ಲೂ ದಿನಾ ಹೀಗೇ ಮಾಡಬೇಕು ಎಂದು ಕಲಿಸಿದರು. ಸಂಜೆ ಚಹಾದ ಜೊತೆ ನಾನು ಡ್ರಿಲ್ ಹಚ್ಚಿಕೊಂಡು ಕೂತರೆ ಕಸ್ತೂರಿ ಅಡುಗೆಮನೆಯಿಂದ ಕೂಗುತ್ತಿದ್ದಳು: "ಶೆಡ್ಡಿನ್ಯಾಗ ದಿನಾ ಗುರ್ ಅನ್ನೂದು ಸಾಲವಲ್ತೇನ್ರಿ ನಿಮಗ?"

ಮೂರನೆಯ ವಾರ, ಮೊದಲ ಸಲ ಹಲ್ಲು ಕೀಳಿಸಿದ್ದು ನೆನಪಿದೆಯೇ ಎಂದು ಮೇಡಂ ಕೇಳಿದರು. ಹೇಳಿದೆ. ಆಡಕಿ ಊರಿನ ಸಂತೆ. ನನಗೂ ಆಗ ಎಂಟು ವರ್ಷ. ಹಲ್ಲು ಕೀಳುವವನು ಗೋಣಿಚೀಲ ಹಾಸಿ ಕುಳಿತಿದ್ದ. ಅಜ್ಜ ತಲೆ ಹಿಡಿದ, ಇಬ್ಬರು ಕಾಲು ಹಿಡಿದರು. ನಾನು ಕೈ ಎತ್ತಿ ಎತ್ತಿ ಬೇಡ ಎಂದೆ. ಯಾರೂ ನಿಲ್ಲಿಸಲಿಲ್ಲ. ಆಮೇಲೆ ಶಹಬ್ಬಾಸ್ ಎಂದು ಜಿಲೇಬಿ ಕೊಡಿಸಿದರು. ಅದನ್ನು ಅಗಿಯಲಾಗದೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದೆ.

ಮೇಡಂ ಆಮೇಲೆ ಬೇರೇನೋ ಕೇಳಿದರು.

"ನಿಮ್ಮ ಶೆಡ್ಡಿನ್ಯಾಗ ಅಷ್ಟು ಸಪ್ಪಳ ಇರ್ತದ. ಮಷಿನ್ ನಿಲ್ಲಸಬೇಕಂದ್ರ ಹ್ಯಾಂಗ ಹೇಳ್ತೀರಿ?"

"ಬಾಯಿಲೆ ಹೇಳಿದ್ರ ಕೇಳಂಗಿಲ್ರಿ. ಕೈ ಎತ್ತತೀವಿ, ಹಿಂಗ." ಎಡಗೈ ಎತ್ತಿ ಅಂಗೈ ತೋರಿಸಿದೆ. "ಯಾರು ಎತ್ತಿದ್ರೂ ಬಂದ್ ಮಾಡ್ತೀವಿ. ನಿನ್ನೆ ಕೆಲಸಕ್ಕ ಬಂದವರು ಎತ್ತಿದ್ರೂ."

"ಯಾಕಂತ ಕೇಳಂಗಿಲ್ಲೇನು?"

"ಮೊದಲ ಬಂದ್ ಮಾಡ್ತೀವ್ರಿ. ಕೇಳೂದು ಆಮ್ಯಾಲ."

"ಹಂಗಾಗೇ ನಿಮಗ ಆ ಬ್ಲೇಡಿನ ಅಂಜಿಕಿ ಇಲ್ಲ," ಎಂದರು ಮೇಡಂ. "ಸಂತ್ಯಾಗ ನಿಮ್ಮ ಕೈ ಯಾರೂ ನೋಡಲಿಲ್ಲ."

ನಾನು ಅತ್ತುಬಿಟ್ಟೆ.

ನಲವತ್ತೆರಡು ವರ್ಷದ ಗಂಡಸು ಹಳೆಯ ಹಲ್ಲೊಂದಕ್ಕೆ ಅಳುವುದೆಂದರೇನು ಎಂದು ನಾಚಿಕೆಯಾಯಿತು. ಆದರೆ ಎದೆ ಹಗುರವಾಗಿತ್ತು. ಇಷ್ಟು ವರ್ಷ ನಾನು ನೋವಿಗೆ ಹೆದರುತ್ತೇನೆ ಎಂದುಕೊಂಡಿದ್ದೆ. ಬೇಡ ಎಂದಾಗಲೂ ಯಾರೂ ನಿಲ್ಲಿಸಲಾರರು ಎನ್ನುವ ಹೆದರಿಕೆ ಅದು ಎಂದು ಗೊತ್ತಾದ ಮೇಲೆ, ನಾನು ಹೇಡಿ ಎನ್ನುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿದೆ.

ಮೇಡಂ ನನ್ನನ್ನು ಡೆಂಟಿಸ್ಟ್ ಹತ್ತಿರ ಕರೆದೊಯ್ದರು. ಮೂವರೂ ಕೂಡಿ ಕರಾರು ಮಾಡಿದೆವು: ನನ್ನ ಎಡಗೈ ಮೇಲೆದ್ದರೆ ಡ್ರಿಲ್ ಬಂದ್. ಅವತ್ತು ಚೇರ್ ಮೇಲೆ ಬರೀ ಕುಳಿತು ಎದ್ದೆ. ಮುಂದಿನ ವಾರ ಕನ್ನಡಿ ಹಾಕಿ ನೋಡಿದರು, ಎಕ್ಸ್‌ರೇ ತೆಗೆದರು. ಅದರ ಮುಂದಿನ ವಾರ ರೂಟ್ ಕೆನಾಲ್.

ಸುಮಾ ತಾನೂ ಬರುತ್ತೇನೆಂದಳು. ಕಸ್ತೂರಿಯ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು. ಡ್ರಿಲ್ ಶುರುವಾಯಿತು. ಕೈ ಎತ್ತಿದೆ. ನಿಂತಿತು. ಉಸಿರು ಬಿಟ್ಟು ಕೈ ಇಳಿಸಿದೆ. ಮತ್ತೆ ಶುರುವಾಯಿತು. ಹೀಗೇ ನಾಲ್ಕು ಸಲ. ಐದನೆಯ ಸಲ ನನಗೇ ಅರಿವಿಲ್ಲದೆ ಶೆಡ್ಡಿನ ಇನ್ನೊಂದು ಸನ್ನೆ ಮಾಡಿದೆ: ತೋರುಬೆರಳನ್ನು ಗಾಳಿಯಲ್ಲಿ ಗರಗರ ತಿರುಗಿಸಿದೆ. ಡೆಂಟಿಸ್ಟ್ ಗಾಬರಿಯಾಗಿ ಎಲ್ಲ ನಿಲ್ಲಿಸಿದರು.

"ಏನಾತ್ರಿ? ತಲಿ ತಿರುಗಲಿಕತ್ತದೇನು?"

"ಇಲ್ರಿ. ನೀರು ಕಮ್ಮಿ ಬೀಳಾಕತ್ತಾವ. ಜರಾ ಜಾಸ್ತಿ ಬಿಡ್ರಿ, ಬ್ಲೇಡ್ ಕಾಯ್ತದ."

ಅವರು ಮಾಸ್ಕ್ ಜಾರುವಷ್ಟು ನಕ್ಕರು. ಬಾಗಿಲಲ್ಲಿ ನಿಂತ ಸುಮಾಳೂ ನಕ್ಕಳು. ಆ ನಗುವಿಗಾಗಿ ಇನ್ನೊಂದು ಹಲ್ಲು ಕೊರೆಸಿಕೊಳ್ಳಲೂ ನಾನು ತಯಾರಿದ್ದೆ.

ಈಗ ಹಲ್ಲಿಗೆ ಕ್ಯಾಪ್ ಕೂತಿದೆ. ಮೊನ್ನೆ ಕಡಕ್ ರೊಟ್ಟಿಯನ್ನು ಬಲಗಡೆಯಿಂದ ಕಟುಂ ಎಂದು ಕಡಿದೆ. ಕಸ್ತೂರಿ ನನ್ನ ಮುಖವನ್ನೇ ನೋಡುತ್ತಾ, "ಹರಳು ಸಿಕ್ತೇನ್ರಿ?" ಎಂದಳು. ಹರಳಿನ ಸುಳ್ಳನ್ನು ಅವಳು ಅವತ್ತೇ ಹಿಡಿದಿದ್ದಳಂತೆ. ಅಂಜಿಕೆ ಪೂರ್ತಿ ಹೋಗಿಲ್ಲ. ಹತ್ತಕ್ಕೆ ನಾಲ್ಕು ಉಳಿದಿದೆ. ಅಷ್ಟನ್ನು ಹೊತ್ತುಕೊಂಡೇ ಚೇರ್ ಮೇಲೆ ಕುಳಿತುಕೊಳ್ಳಬಹುದು ಎಂದು ಕಲಿತಿದ್ದೇನೆ. ಕಲಿಸಿದ ಇಬ್ಬರು ಮೇಡಂಗಳನ್ನು ದಿನಾ ನೆನೆಯುತ್ತೇನೆ.

ಕಳೆದ ವಾರ ಸುಮಾಳ ಸರದಿ. ಚೇರ್ ಅವಳಿಗೆ ದೊಡ್ಡದಾಯಿತು, ಕಾಲು ಅರ್ಧಕ್ಕೇ ನಿಂತವು. ಅವಳ ತಲೆ ಯಾರೂ ಹಿಡಿಯಲಿಲ್ಲ. ಕಾಲೂ ಹಿಡಿಯಲಿಲ್ಲ. ನಾನು ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತೆ. ಡ್ರಿಲ್ ಕುಂಯ್ ಎಂದಿತು. ಎರಡೇ ಕ್ಷಣ. ಪುಟ್ಟ ಎಡಗೈ ಮೇಲೆ ಹೋಯಿತು, ಅಂಗೈ ಹೊರಗೆ.

ಡ್ರಿಲ್ ನಿಂತಿತು.

"ನೋಯ್ತೇನು ಪುಟ್ಟಿ?" ಎಂದರು ಡೆಂಟಿಸ್ಟ್.

"ಇಲ್ರಿ. ನಿಲ್ಲಸ್ತೀರೋ ಇಲ್ಲೋ ನೋಡಿದೆ."

ಆಮೇಲೆ ಕೈ ಇಳಿಸಿ ತಾನೇ ಬಾಯಿ ತೆರೆದಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ.