ಬ್ಯಾನರ್ ಮೇಲೆ ನನ್ನ ಬೊಚ್ಚು ಬಾಯಿ

ಈ ವರ್ಷ ಸಂಕ್ರಾಂತಿ ರಜೆ ಮುಗಿಸಿ ಶಾಲೆಗೆ ಹೋದ ಮೊದಲ ದಿನ ನಡೆದದ್ದು ಇದು. ನಾನು ಕಮಲಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆ ಕಲಬುರಗಿಯ ಗಾಜಿಪುರದಲ್ಲಿ, ಹಾಗಾಗಿ ದಿನಾ ಬಸ್ಸಿನಲ್ಲಿ ಓಡಾಟ. ಅಂದು ಬೆಳಿಗ್ಗೆ ಕಮಲಾಪುರದಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದೆನಷ್ಟೇ, ರಸ್ತೆ ಬದಿಯ ಹೊಸ ಬ್ಯಾನರ್ ಮೇಲೆ ನನ್ನದೇ ಮುಖ ಕಂಡಿತು. ಎಡಗಡೆ ಒಂದೂ ಹಲ್ಲಿಲ್ಲದ ಬಾಯಿ ತೆರೆದುಕೊಂಡ ನಾನು, ಬಲಗಡೆ ಸಾಲು ಹಲ್ಲು ತೋರಿಸಿ ನಗುತ್ತಿರುವ ನಾನು. ಮೇಲೆ ‘ಮೊದಲು’, ‘ನಂತರ’ ಎಂದು ಬರೆದಿತ್ತು. ಕೆಳಗೆ ಕಲಬುರಗಿಯ ಹಲ್ಲಿನ ದವಾಖಾನೆಯ ವಿಳಾಸ.

ಒಸಡಿನ ಕಾಯಿಲೆಯಿಂದ ಐವತ್ತೆರಡು ತುಂಬುವುದರೊಳಗೆ ನನ್ನ ಹಲ್ಲೆಲ್ಲ ಸಡಿಲವಾಗಿದ್ದವು. ಕಳೆದ ಬೇಸಿಗೆ ರಜೆಯಲ್ಲಿ ಖೂಬಾ ಪ್ಲಾಟಿನ ಆ ದವಾಖಾನೆಯಲ್ಲಿ ಅವನ್ನೆಲ್ಲ ಕೀಳಿಸಿ ಹಲ್ಲಿನ ಸೆಟ್ ಮಾಡಿಸಿಕೊಂಡಿದ್ದೆ. ಆಗ ಡಾಕ್ಟರು ತಮ್ಮ ಫೋನಿನಲ್ಲಿ ನನ್ನ ಎರಡು ಫೋಟೋ ತೆಗೆದುಕೊಂಡಿದ್ದರು. ಹಲ್ಲಿನ ಗುಟ್ಟು ಯಜಮಾನರನ್ನು ಬಿಟ್ಟರೆ ಮತ್ತಾರಿಗೂ ಗೊತ್ತಿರಲಿಲ್ಲ. ಈಗ ಇಡೀ ಕಮಲಾಪುರಕ್ಕೆ ಗೊತ್ತಾಗಿತ್ತು.

ತರಗತಿಗೆ ಹೋದರೆ ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಬಹಳ ಕಾಳಜಿಯಿಂದ ಕೇಳಿದಳು, “ಟೀಚರ್ರಿ, ನಿಮ್ಮ ಹಲ್ಲು ತೆಗದು ಇಡಾಕ ಬರ್ತಾವೇನ್ರಿ?” ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಅವತ್ತು ನನಗೆ ಪಾಠ ಗಟ್ಟಿಯಾಗಿ ಓದಲಾಗಲಿಲ್ಲ.

ಮಧ್ಯಾಹ್ನ ದವಾಖಾನೆಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ, “ನೀವೇ ಫಾರ್ಮಿನ ಮ್ಯಾಲ ಸಹಿ ಮಾಡೀರಲ್ರಿ ಮೇಡಂ” ಎಂದಳು. ಸಹಿ ಮಾಡಿದ್ದು ನಿಜ, ಓದಿರಲಿಲ್ಲ. ಫೋನ್ ಇಟ್ಟೆ.

ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು, “ಯಾಕ್ರಿ ಅಕ್ಕಾರ, ಆರಾಮಿಲ್ಲೇನ್ರಿ?” ಎಂದರು. ಅಷ್ಟು ಕೇಳಿದ್ದೇ ಸಾಕಾಯಿತು, ಎಲ್ಲ ಹೇಳಿಬಿಟ್ಟೆ. ಅವರು ಕಾನೂನು ಕಾಲೇಜಿನಲ್ಲಿ ಪಾಠ ಮಾಡುವವರಂತೆ. ಮೊದಲು ಸ್ವಲ್ಪ ನಕ್ಕರು, ಆಮೇಲೆ ಗಂಭೀರವಾದರು.

“ಸಹಿ ಮಾಡಿದ್ದು ಯಾತಕ್ಕ ಅನ್ನೋದು ಮುಖ್ಯರೀ. ಚಿಕಿತ್ಸಾಕ್ಕ ಒಪ್ಪಿದ್ರ ಬ್ಯಾನರಿಗೂ ಒಪ್ಪಿದಂಗಲ್ಲ. ಫೋನಿನ್ಯಾಗ ತೆಗದ ಆ ಫೋಟೋ ನಿಮ್ಮ ವೈಯಕ್ತಿಕ ಡೇಟಾ.”

“ಅದಕ್ಕೂ ಕಾಯ್ದೆ ಅದ ಏನ್ರಿ?”

“ಡೇಟಾ ಸಂರಕ್ಷಣಾ ಕಾಯ್ದೆ ಬಂದದ್ರಿ, ನಿಯಮಾನೂ ಬಂದಾವ. ಪೂರ್ತಿ ಜಾರಿ ಆಗಾಕ ಇನ್ನೂ ಸ್ವಲ್ಪ ಟೈಮ್ ಅದ. ಆದ್ರ ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಎಂದೋ ಹೇಳೇದ. ಅಂಜಬ್ಯಾಡ್ರಿ, ಮೊದಲು ಆ ಫಾರ್ಮ್ ತೋರಸ್ರಿ ಅನ್ರಿ.”

ಬಸ್ಸು ಮಹಾಗಾಂವ ದಾಟುವಷ್ಟರಲ್ಲಿ ನನ್ನ ನೋಟ್‌ಬುಕ್ಕಿನ ಹಾಳೆಯ ಮೇಲೆ ನನ್ನ ಕೈಯಲ್ಲೇ ಅರ್ಜಿ ಬರೆಸಿದ್ದರು. ಬ್ಯಾನರ್ ತೆಗೆಯಿರಿ, ಫೋಟೋ ಅಳಿಸಿ, ಯಾರ‍್ಯಾರಿಗೆ ಕಳಿಸಿದ್ದೀರಿ ಹೇಳಿ. ಇಷ್ಟೇ. ನಾನು ಮನೆಗೆ ಹೋಗದೆ ನೇರವಾಗಿ ದವಾಖಾನೆಗೆ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ನನ್ನ ಅರ್ಜಿ ಓದಿದರು. “ಟೀಚರ್ರ, ನಿಮ್ಮ ನಗಿ ಭಾಳ ಚಂದ ಬಂದಿತ್ರಿ, ಅದಕ್ಕ ಹಾಕೀನಿ” ಎಂದರು.

“ಹಲ್ಲು ನೀವ್ ಮಾಡಿದ್ದು ಖರೆ ಡಾಕ್ಟ್ರ. ಫೋಟೋದಾಗಿನ ಮಾರಿ ನಂದೇ ಅಲ್ಲೇನ್ರಿ?” ಎಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ.

ಫಾರ್ಮ್ ತರಿಸಿದರು. ನಾನು ಒಂದೊಂದೇ ಸಾಲನ್ನು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. ಚಿಕಿತ್ಸೆ, ಔಷಧಿ, ಅಲರ್ಜಿ ಎಲ್ಲ ಇತ್ತು. ಜಾಹೀರಾತಿನ ಮಾತೇ ಇರಲಿಲ್ಲ. ಡಾಕ್ಟರು ತಲೆ ಕೆರೆದುಕೊಂಡು, “ತಪ್ಪಾಗೇದ್ರಿ” ಎಂದರು. ನನ್ನೆದುರೇ ಫೋನಿನಿಂದ ಫೋಟೋ ಅಳಿಸಿದರು. ಬ್ಯಾನರ್ ಮುದ್ರಿಸಿದವನಿಗೆ ಫೋನ್ ಹಚ್ಚಿ, ಅವನ ಕಂಪ್ಯೂಟರಿನಿಂದಲೂ ತೆಗೆಯಲು ಹೇಳಿದರು. ಬೆಳಗಾಗುವುದರೊಳಗೆ ಬ್ಯಾನರ್ ಇಳಿಸುವುದಾಗಿ ಬರೆದೂ ಕೊಟ್ಟರು. ಇಳಿಸಿದರು ಕೂಡ.

ನಾನು ಹೊರಡುವಾಗ ಇದನ್ನೆಲ್ಲ ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. ಮಹಾಗಾಂವದ ಶರಣಪ್ಪ ಎಂಬ ರೈತರು.

“ಡಾಕ್ಟ್ರ, ಇವ್ರ ಫೋಟೋ ತೆಗದು ನಂದು ಹಾಕ್ರಿ. ಹೊಸ ಹಲ್ಲಿನ್ಯಾಗ ಕಡಕ್ ರೊಟ್ಟಿ ತಿಂತೀನಿ ಅಂದ್ರ ಊರಾಗ ಯಾರೂ ನಂಬವಲ್ರು.”

ಡಾಕ್ಟರು ಖುಷಿಯಿಂದ ಫೋನ್ ಎತ್ತಿದರು. “ತಡೀರಿ, ಮೊದಲು ಬರೀರಿ” ಎಂದೆ ನಾನು. ಯಾವ ಫೋಟೋ, ಯಾವ ಊರಲ್ಲಿ, ಎಷ್ಟು ದಿನ ಎಂದು ಡಾಕ್ಟರು ಬರೆದರು. ನಾನು ಶರಣಪ್ಪನವರಿಗೆ ಓದಿ ಹೇಳಿದೆ.

“ನಾಳಿಗಿ ನನ್ನ ಮನಸ್ಸು ತಿರಗಿದ್ರ?” ಎಂದು ಕೇಳಿದರು ಅವರು.

“ನೀವು ತೆಗೀರಿ ಅಂದ್ರ ಅವ್ರು ತೆಗೀಬೇಕ್ರಿ” ಎಂದೆ.

“ಹಂಗಾದ್ರ ಚಲೋ ಆಯ್ತು” ಎಂದು ಸಹಿ ಹಾಕಿ, ತಲೆಗೆ ಸುತ್ತಿದ ಪಟಗಾ ಸರಿ ಮಾಡಿಕೊಂಡು, ಬಾಯಿ ತುಂಬ ನಕ್ಕು ನಿಂತರು. ನನಗೆ ನಾಚಿಕೆಯ ಸಂಗತಿ ಅವರಿಗೆ ಹೆಮ್ಮೆಯದಾಗಿತ್ತು. ನನ್ನನ್ನೂ ಯಾರಾದರೂ ಮೊದಲೇ ಹೀಗೆ ಕೇಳಿದ್ದರೆ ಅರ್ಧ ಸಿಟ್ಟು ಬರುತ್ತಲೇ ಇರಲಿಲ್ಲ ಅನಿಸಿತು.

ಆವತ್ತಿನಿಂದ ನನಗೊಂದು ಅಭ್ಯಾಸ ಬಿದ್ದಿದೆ. ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗಿಂತ ಮೊದಲೇ ಮೊಬೈಲ್ ನಂಬರ್ ಕೇಳಿದರೆ, “ಯಾತಕ್ಕ ಬೇಕ್ರಿ?” ಎಂದು ಸಮಾಧಾನದಿಂದಲೇ ಕೇಳುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಹೆಚ್ಚಿನವರು ಒಂದು ಕ್ಷಣ ಯೋಚಿಸಿ, “ಬ್ಯಾಡ ಬಿಡ್ರಿ ಮೇಡಂ” ಎನ್ನುತ್ತಾರೆ. ಆ ಮಾತು ಕೇಳಿದ ದಿನ ಮನೆಯವರೆಗೂ ನಗುತ್ತಲೇ ಹೋಗುತ್ತೇನೆ.